ಬೆಳ್ಳಗೇ ಇದೆ ಮಾವ

ಜೂನ್ 3, ಸೋಮವಾರ

ಲಾಂಡ್ರಿಯವರು ವರ್ಷದ ಮೊದಲಿಗೆ ಕೊಟ್ಟ ಡೈರಿ ಇದು. ಐದು ತಿಂಗಳ ಹಾಳೆ ಹಾಗೇ ಖಾಲಿ ಬಿದ್ದಿದೆ. ಇವತ್ತಿನದನ್ನು ಯಾರ ಹತ್ತಿರವೂ ಹೇಳಲಾರೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಲಾಂಡ್ರಿ ಕೌಂಟರಿನ ಕೆಲಸ ಮುಗಿಸಿ ಬಂದೆ. ಮಾವ ಔಷಧಿ ಅಂಗಡಿಗೆ ಹೋಗಿದ್ದರು. ಅವರ ಕೋಣೆ ಗುಡಿಸೋಣ ಎಂದುಕೊಂಡೆ. ಕಂಪ್ಯೂಟರಿನ ಮೇಜನ್ನು ಯಾರೂ ಅಲುಗಾಡಿಸಕೂಡದು ಎಂಬುದು ಈ ಮನೆಯ ಕಾನೂನು. ಆದರೆ ಮೇಜಿನ ಹಿಂದೆ ಬೆಕ್ಕಿನ ಮರಿಯಷ್ಟು ದೂಳು! ಎಷ್ಟು ದಿನ ನೋಡಿಕೊಂಡಿರುವುದು? ಒಂದು ಗೇಣು ಸರಿಸಿದರೆ ಸಾಕು ಎಂದು ಎಳೆದೆ. ಮೇಜಿನ ಕಾಲು ಎಲ್ಲೋ ಸಿಕ್ಕಿಕೊಂಡಿತ್ತು. ಜಗ್ಗಿದ ರಭಸಕ್ಕೆ ಒಂದು ಮೊಳ ಬಂತು. ಕೆಳಗಿದ್ದ ಕಂಪ್ಯೂಟರಿನ ಡಬ್ಬಿ ವಾಲಿ ಧಡ್ ಎಂದು ಗೋಡೆಗೆ ಹೊಡೆಯಿತು. ಮಾನಿಟರಿನ ವೈರು ಡಬ್ಬಿಯಿಂದ ಕಿತ್ತು ಬಂತು.

ಅದರ ತುದಿಗೆ ನೀಲಿ ಬಣ್ಣದ ಅಗಲ ಪ್ಲಗ್ಗು, ಒಳಗೆ ಸೂಜಿಯಂಥ ಸಣ್ಣ ಪಿನ್ನುಗಳು. ವಾಪಸ್ ಸಿಕ್ಕಿಸುವಾಗಲೇ ಗೇಟಿನ ಸದ್ದಾಯಿತು. ನೋಡದೆ ಒತ್ತಿದೆ. ಹೋಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಒಳಗೆ ಏನೋ ಬಾಗಿದ್ದು ಕೈಗೆ ತಿಳಿಯಿತು. ತಿರುಗಿಸಿ ಒತ್ತಿದಾಗ ಕೂತಿತು. ಮೇಜನ್ನು ನೂಕಿ, ಪೊರಕೆ ಹಿಡಿದುಕೊಂಡು ಏನೂ ಆಗದವಳಂತೆ ನಿಂತೆ.

ಮಾವ ಬಂದು ಸ್ವಿಚ್ ಒತ್ತಿದರು. ಬೀಪ್, ಬೀಪ್, ಬೀಪ್. ಪರದೆ ಕಪ್ಪಗೇ ಇತ್ತು.

"ಯಾರಾದ್ರೂ ಮುಟ್ಟಿದ್ರಾ ಇದನ್ನ?"

"ಇಲ್ಲ ಮಾವ."

ಅವರು ಬಯ್ಯಲಿಲ್ಲ. ಹಾಸಿಗೆಯ ಮೇಲೆ ಹಳೇ ಪೇಪರ್ ಹಾಸಿ, ವೈರುಗಳನ್ನು ನನ್ನ ಕೈಲಿ ಬಿಡಿಸಿ, ಡಬ್ಬಿಯನ್ನು ಎತ್ತಿಸಿ ಇಟ್ಟುಕೊಂಡರು. ಅವರ ಸೊಂಟ ಬಗ್ಗುವುದಿಲ್ಲ, ಮೇಜಿನ ಹಿಂದಿನ ಕೆಲಸವೆಲ್ಲ ನನ್ನದೇ. ಮುಚ್ಚಳ ತೆಗೆದು, ಒಳಗಿದ್ದ ಉದ್ದನೆಯ ಪಟ್ಟಿಯೊಂದನ್ನು ಹೊರಗೆಳೆದು, ಅದರ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿದರು.

"ಕೂಗ್ತಾ ಇದೆ ಅಂದ್ರೆ ಜೀವ ಇದೆ ಅಂತ. ಸತ್ತಿದ್ರೆ ಸುಮ್ಮನಿರ್ತಿತ್ತು. ಇದು ಮೆಮೊರಿ ಪಟ್ಟಿ, ಒಂಚೂರು ಸಡಿಲ ಆದ್ರೂ ಸಾಕು, ಹೀಗೆ ಹಟ ಮಾಡತ್ತೆ."

ಒತ್ತಿ ಕೂರಿಸಿದರು. ನಾನು ವೈರುಗಳನ್ನು ಸಿಕ್ಕಿಸಿದೆ. "ನೀಲಿ ತುದಿದು ಸರಿಯಾಗಿ ಕೂತಿದ್ಯಾ?" ಎಂದು ಕೇಳಿದರು. ಕೂತಿದೆ ಎಂದೆ. ಕಂಪ್ಯೂಟರು ಶುರುವಾಯಿತು. ನನ್ನ ಎದೆ ಹಗುರವಾಯಿತು.

ಗುಡಿಸಿದ್ದಷ್ಟೇ ತಾನೇ ನಾನು ಮಾಡಿದ್ದು.

ಜೂನ್ 4, ಮಂಗಳವಾರ

ಹಗುರವಾದದ್ದು ಒಂದೇ ದಿನ.

ಮಾವ ಕೋಣೆಯಿಂದ ಕರೆದರು. ಪರದೆಯ ಮೇಲೆ ಒಂದು ಖಾಲಿ ಹಾಳೆ ತೆರೆದಿಟ್ಟಿದ್ದರು.

"ಇಲ್ನೋಡಮ್ಮ. ಇದು ನಿಂಗೆ ಹಳದಿ ಕಾಣ್ತಿದ್ಯಾ?"

ಹಳದಿಯಾಗಿತ್ತು. ಹಳೇ ಪುಸ್ತಕದ ಹಾಳೆಯ ಹಾಗೆ. ಒಂದು ಸಲ ಬೆಳ್ಳಗಾಗಿ, ಮತ್ತೆ ಹಳದಿಗೆ ತಿರುಗಿತು. ಕೈಗೆ ತಿಳಿದಿದ್ದ ಆ ಬಾಗು ನೆನಪಾಯಿತು.

"ಇಲ್ವಲ್ಲ. ಬೆಳ್ಳಗೇ ಇದೆ ಮಾವ."

ಮಾವ ಮುದ್ರಣಾಲಯದಲ್ಲಿ ಮೂವತ್ನಾಲ್ಕು ವರ್ಷ ಬಣ್ಣ ಹೊಂದಿಸುವ ಕೆಲಸ ಮಾಡಿದವರು. ಹಾಳೆ ಯಂತ್ರದಿಂದ ಹೊರಬರುವಾಗಲೇ ಕೆಂಪು ಒಂದು ಕೂದಲೆಳೆ ಹೆಚ್ಚಾಗಿದೆ ಎಂದು ಹೇಳುತ್ತಿದ್ದರಂತೆ. ನಿವೃತ್ತರಾದ ಮೇಲೆ ಈ ಕಂಪ್ಯೂಟರಿನಲ್ಲಿ ಜನರ ಹಳೇ ಫೋಟೋಗಳನ್ನು ಸರಿಪಡಿಸಿಕೊಡುತ್ತಾರೆ. ಕಲೆ ಬಿದ್ದದ್ದು, ಹರಿದದ್ದು, ಬಣ್ಣ ಮಾಸಿದ್ದು. ಬೀದಿಯ ಅರ್ಧ ಮನೆಗಳ ಗೋಡೆಯಲ್ಲಿ ಅವರ ಕೈಕೆಲಸ ಇದೆ.

ಅವರು ಬೆರಳಿನಿಂದ ಕನ್ನಡಕ ಒರೆಸಿಕೊಂಡರು. "ಹೌದಾ?" ಎಂದರು, ಅಷ್ಟೇ.

ಸತ್ಯ ಬರೆಯಬೇಕಲ್ಲ ಇಲ್ಲಿ. ಭಯ ಇತ್ತು, ನಿಜ. ಆದರೆ ಅದರ ಕೆಳಗೆ ಇನ್ನೊಂದೂ ಇತ್ತು. ಹೋದ ವರ್ಷ ನಾನು ಹೊಲಿದ ಕಿಟಕಿ ಪರದೆಗಳನ್ನು ಬಂದವರೆಲ್ಲ ಚೆನ್ನಾಗಿದೆ ಎನ್ನುತ್ತಿರುವಾಗ, ಇವರು ಎಲ್ಲರ ಮುಂದೆ, "ಎರಡೂ ಬೇರೆ ಬೇರೆ ಥಾನಿಂದು. ಎಡಗಡೇದು ಒಂಚೂರು ಕಂದು" ಎಂದಿದ್ದರು. ನಿಜವೇ ಆಗಿತ್ತು. ಇವತ್ತು ಆ ಕಣ್ಣು ತಡವರಿಸಿದ್ದು ನೋಡಿ ನನಗೆ ಒಂದು ಕ್ಷಣ ಖುಷಿಯಾಯಿತು. ಒಂದೇ ಕ್ಷಣ.

ಜೂನ್ 6, ಗುರುವಾರ

ಇವತ್ತು ಒಂದು ಬಿಳಿ ಕಾಗದವನ್ನು ಪರದೆಗೆ ತಾಗಿಸಿ ಹಿಡಿದು ಮತ್ತೆ ಕೇಳಿದರು. "ಎರಡೂ ಒಂದೇ ಥರ ಕಾಣತ್ತಾ?"

"ಒಂದೇ ಥರ."

"ನಂಗೆ ಕಾಗದ ಸರಿ ಕಾಣತ್ತೆ. ಪರದೆಯಿಂದ ಬರೋ ಬೆಳಕು ಮಾತ್ರ ಹಳದಿ. ಹೀಗೂ ಕಣ್ಣು ಕೆಡತ್ತಾ?"

ಇವರನ್ನು, ಅಂದರೆ ನನ್ನ ಗಂಡನನ್ನು, ಮಾವ ಕೇಳುವುದಿಲ್ಲ. ಇವರಿಗೆ ಹುಟ್ಟಿನಿಂದ ಕೆಂಪು ಹಸಿರು ಗೊಂದಲ. ನೀರಿನ ಪಂಪ್‌ಹೌಸಿನಲ್ಲಿ ದೀಪಗಳ ಮೇಲೆ ಚೀಟಿ ಅಂಟಿಸಿಕೊಂಡು ಕೆಲಸ ಮಾಡುತ್ತಾರೆ. "ಬಣ್ಣದ ವಿಷ್ಯ ನನ್ನ ಕೇಳ್ಬೇಡಿ" ಎಂದು ಚಿಕ್ಕಂದಿನಲ್ಲೇ ಕೈ ಮುಗಿದವರು. ಹಾಗಾಗಿ ಈ ಮನೆಯಲ್ಲಿ ಮಾವನಿಗೆ ಸಾಕ್ಷಿ ಹೇಳಬಲ್ಲ ಕಣ್ಣು ನನ್ನದೊಂದೇ.

ನಾಳೆ ಅವರು ಇಲ್ಲದಾಗ ವೈರು ನೋಡಬೇಕು. ಸರಿಹೋದರೆ ಎಲ್ಲ ತಾನಾಗಿ ಸರಿಹೋಗುತ್ತದೆ.

ಜೂನ್ 7, ಶುಕ್ರವಾರ

ನೋಡಲಿಲ್ಲ. ಅವರು ಹೊರಗೆ ಹೋಗಲೇ ಇಲ್ಲ.

ಹೋಗಿದ್ದರು, ಅರ್ಧ ಗಂಟೆ. ನಾನು ಬಟ್ಟೆ ಮಡಚುತ್ತಾ ಕೂತಿದ್ದೆ.

ಜೂನ್ 11, ಮಂಗಳವಾರ

ಮೂಲೆಮನೆಯಾಕೆ ಬಂದಿದ್ದಳು. ಅವಳ ಗಂಡ ಲಾರಿ ಓಡಿಸುತ್ತಿದ್ದ, ಹೋದ ವರ್ಷ ತೀರಿಕೊಂಡ. ಅವನದು ಒಂದೇ ಒಂದು ಒಳ್ಳೆಯ ಫೋಟೋ ಇತ್ತು, ಲಾರಿಯ ಬಾಗಿಲಿಗೆ ಒರಗಿ ನಗುತ್ತಾ ನಿಂತದ್ದು. ಅದೂ ತೇವ ಕುಡಿದು ಹಾಳಾಗಿತ್ತು. ಮಾವ ಒಂದು ವಾರದಿಂದ ಅದರ ಮೇಲೇ ಕೂತಿದ್ದರು. ನಿನ್ನೆ ಸ್ಟುಡಿಯೋಕ್ಕೆ ಕಳಿಸಿದ್ದರು, ಅವಳೇ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಅಲ್ಲಿಂದಲೇ ತೆಗೆದುಕೊಂಡು ಹೋಗಲಿ ಎಂದು.

ಅವಳು ಕವರಿನಿಂದ ಫೋಟೋ ತೆಗೆದು ಮೇಜಿನ ಮೇಲೆ ಇಟ್ಟಳು.

ಮುಖ ನೀಲಿಯಾಗಿತ್ತು. ತುಟಿ ಇನ್ನೂ ನೀಲಿ. ಪರದೆ ಹಳದಿ ತೋರಿಸಿತು, ಮಾವ ಅದನ್ನು ಸರಿ ಮಾಡಲು ನೀಲಿ ಸೇರಿಸುತ್ತಾ ಹೋಗಿದ್ದಾರೆ. ಅವರ ಪರದೆಯಲ್ಲಿ ಅದು ಜೀವಂತ ಮುಖ. ಕಾಗದದ ಮೇಲೆ ಹೆಣ.

"ಮಾಮಾ," ಎಂದಳು, "ಆಸ್ಪತ್ರೇಲಿ ಬಟ್ಟೆ ಸರಿಸಿ ತೋರಿಸಿದ್ರಲ್ಲ, ಆವತ್ತು ಹೀಗೇ ಇದ್ರು. ಅದನ್ನ ಮರೀಬೇಕು ಅಂತಲ್ವಾ ನಾನು ಇದನ್ನ ಕೊಟ್ಟಿದ್ದು?"

ಮಾವ ಫೋಟೋವನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು.

"ತಪ್ಪಾಯ್ತು ಮಗಳೇ. ನನ್ನ ಕಣ್ಣು ಹೋಗಿದೆ."

ಬಾಯಿ ತೆರೆದೆ. ಕಾಫಿ ಮಾಡ್ತೀನಿ ಎಂದೆ.

ಜೂನ್ 15, ಶನಿವಾರ

ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆವು. ನಾನೇ ಕರೆದುಕೊಂಡು ಹೋದೆ.

ಡಾಕ್ಟರು ದೀಪ ಬಿಟ್ಟು ಎರಡೂ ಕಣ್ಣು ನೋಡಿದರು. "ಪೊರೆ ಶುರುವಾಗಿದೆ, ಆದ್ರೆ ತುಂಬಾ ತೆಳು. ನಿಮ್ಮ ವಯಸ್ಸಿಗೆ ಇದು ಸಾಮಾನ್ಯ. ಒಂದು ವರ್ಷ ಕಾಯಬಹುದು, ಅವಸರ ಇಲ್ಲ."

"ಇಲ್ಲ ಡಾಕ್ಟ್ರೇ. ನನ್ನ ಸೊಸೆಗೆ ಬೆಳ್ಳಗೆ ಕಾಣೋದು ನಂಗೆ ಹಳದಿ ಕಾಣತ್ತೆ. ಅದೂ ಒಂದು ಗಳಿಗೆ ಇರತ್ತೆ, ಒಂದು ಗಳಿಗೆ ಇರಲ್ಲ. ಹೀಗಾದ್ರೆ ನಾನು ಏನನ್ನ ನಂಬಲಿ?"

ಡಾಕ್ಟರು ನನ್ನ ಕಡೆ ತಿರುಗಿದರು. "ಅಷ್ಟೊಂದು ವ್ಯತ್ಯಾಸ ಇದ್ಯೇನಮ್ಮ?"

ಹೌದು ಎಂದು ತಲೆ ಆಡಿಸಿದೆ. ಆಡಿಸುವಾಗ ನನ್ನ ಕುತ್ತಿಗೆ ಬೇರೆ ಯಾರದೋ ಅನ್ನಿಸಿತು.

ಹಾಗಿದ್ದರೆ ಕಾಯುವುದು ಬೇಡ ಎಂದರು ಡಾಕ್ಟರು. ಜುಲೈ ಒಂದು, ಸೋಮವಾರ, ಬಲಗಣ್ಣಿಗೆ ಆಪರೇಷನ್. ಬರುವಾಗ ಬಸ್ಸಿನಲ್ಲಿ ಮಾವ, "ನೀನು ಇಲ್ದೆ ಇದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಇನ್ನೆಷ್ಟು ಜನರ ಫೋಟೋ ಹಾಳು ಮಾಡ್ತಿದ್ನೋ" ಎಂದರು.

ಜೂನ್ 19, ಬುಧವಾರ

ಕಂಪ್ಯೂಟರಿಗೆ ಹಳೇ ದುಪ್ಪಟಿ ಹೊದಿಸಿದ್ದಾರೆ.

ಬೆಳಿಗ್ಗೆ ಎರಡು ಕಾಲುಚೀಲ ಹಿಡಿದು ಬಂದು, "ಇವು ಜೋಡೀನಾ ನೋಡಮ್ಮ" ಎಂದರು. ಜೋಡಿಯೇ ಆಗಿತ್ತು. ಅದು ಅವರಿಗೂ ಕಾಣುತ್ತಿತ್ತು, ನನಗೆ ಗೊತ್ತು. ಹಳದಿಯಾದದ್ದು ಒಂದು ಪರದೆ. ಈಗ ಅವರು ಕಾಲುಚೀಲವನ್ನೂ ನಂಬುತ್ತಿಲ್ಲ, ಮಾತ್ರೆಯ ಬಣ್ಣವನ್ನೂ ನಂಬುತ್ತಿಲ್ಲ. ರಸ್ತೆ ದಾಟುವಾಗ ಸಿಗ್ನಲ್ ಹಸಿರಾದರೂ ಪಕ್ಕದವರು ಹೆಜ್ಜೆ ಎತ್ತುವವರೆಗೆ ನಿಂತಿರುತ್ತಾರಂತೆ.

ಜೂನ್ 24, ಸೋಮವಾರ

ಮಾವ ಕ್ಷೌರಕ್ಕೆ ಹೋದಾಗ ವೈರನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಲಾಂಡ್ರಿಯ ಎದುರು ಸಾಲಿನ ರಿಪೇರಿ ಅಂಗಡಿಗೆ ಹೋದೆ. ಅಂಗಡಿ ನಡೆಸುವಾಕೆ ನನ್ನ ವಯಸ್ಸಿನವಳೇ, ತಲೆಗೆ ದೀಪ ಕಟ್ಟಿಕೊಂಡು ಯಾವುದೋ ಸರ್ಕ್ಯೂಟ್ ಹಲಗೆಗೆ ಬೆಸುಗೆ ಹಾಕುತ್ತಿದ್ದಳು. ಪ್ಲಗ್ಗನ್ನು ಬೆಳಕಿಗೆ ಹಿಡಿದ ತಕ್ಷಣ ನಕ್ಕಳು.

"ತಲೆಕೆಳಗೆ ಇಟ್ಟು ಒತ್ತಿದ್ದಾರೆ ಯಾರೋ. ಸಿಟ್ಟಿನ ಮನುಷ್ಯನೇ ಇರ್ಬೇಕು." ಭೂತಗನ್ನಡಿ ಕೊಟ್ಟಳು. "ಮೇಲಿನ ಸಾಲಲ್ಲಿ ಮೂರನೇದು, ನೋಡಿ, ಮಲಗಿಬಿಟ್ಟಿದೆ. ನೀಲಿ ಬಣ್ಣ ಬರೋದೇ ಅದರಲ್ಲಿ. ಈಗ ಅರ್ಧಂಬರ್ಧ ತಾಗ್ತಿದೆ. ನೀಲಿ ಕಮ್ಮಿ ಆದ್ರೆ ಬಿಳಿಯೆಲ್ಲ ಹಳದಿ ಆಗತ್ತೆ. ಹಂಗೇ ಆಗ್ತಿತ್ತಲ್ವಾ?"

"ಹೌದು, ಹಳದಿ" ಎಂದೆ. ಇಪ್ಪತ್ತು ದಿನದಿಂದ ಬಾಯಲ್ಲೇ ಇದ್ದ ಮಾತು ಮೊದಲ ಸಲ ಹೊರಬಂದದ್ದು ಅಪರಿಚಿತಳೊಬ್ಬಳ ಮುಂದೆ.

ಸಣ್ಣ ಚಿಮುಟದಲ್ಲಿ ಹಿಡಿದು ನೆಟ್ಟಗೆ ಮಾಡಿದಳು. ಎರಡು ನಿಮಿಷವೂ ಹಿಡಿಯಲಿಲ್ಲ.

ಬರುವ ದಾರಿಯಲ್ಲಿ ಒಂದು ಯೋಚನೆ ಬಂತು. ಇದನ್ನು ಈಗ ಹಾಕುವುದು ಬೇಡ. ಆಪರೇಷನ್ ಆದ ಮೇಲೆ ಹಾಕಿದರೆ? ಪರದೆ ಬೆಳ್ಳಗಾಗುತ್ತದೆ, ಕಣ್ಣು ಸರಿಹೋಯಿತು ಎಂದು ಎಲ್ಲರೂ ಸಂತೋಷಪಡುತ್ತಾರೆ, ಡಾಕ್ಟರಿಗೂ ಹೆಸರು. ಎಷ್ಟು ಸಲೀಸು! ನಾಲ್ಕು ಹೆಜ್ಜೆ ಹಗುರವಾಗಿ ನಡೆದೆ. ಆಮೇಲೆ ನನ್ನ ಬಗ್ಗೆ ನನಗೇ ಹೆದರಿಕೆಯಾಗಿ ಅಲ್ಲೇ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮನೆಗೆ ಬಂದು ವೈರು ಸಿಕ್ಕಿಸಿದೆ. ಈ ಸಲ ನೋಡಿ ಸಿಕ್ಕಿಸಿದೆ.

ಜೂನ್ 27, ಗುರುವಾರ

ಮೂರು ದಿನವಾಯಿತು, ಮಾವ ದುಪ್ಪಟಿ ಎತ್ತಲಿಲ್ಲ. ಸರಿಮಾಡಿದ ಯಂತ್ರ ಅದರಡಿ ಸುಮ್ಮನೆ ಕೂತಿದೆ.

ಇವತ್ತು ನಾದಿನಿ ಬಂದಳು, ಆಪರೇಷನ್ನಿಗೆ ಜೊತೆಗಿರಲು. ಬಂದವಳೇ ನನ್ನ ಕೈ ಹಿಡಿದುಕೊಂಡು, "ಅತ್ತಿಗೆ, ನೀವು ಸರಿಯಾದ ಸಮಯಕ್ಕೆ ಹೇಳಿದ್ರಿ. ಅಪ್ಪ ನಮ್ಮ ಮಾತು ಯಾವತ್ತು ಕೇಳಿದ್ರು? ನಿಮ್ಮ ಮಾತು ಕೇಳಿದ್ರಲ್ಲ" ಎಂದಳು. ಕೈ ಬಿಡಿಸಿಕೊಳ್ಳಲು ಕುಕ್ಕರಿನ ನೆಪ ಬೇಕಾಯಿತು.

ಸಂಜೆ ಧೈರ್ಯ ಮಾಡಿ ನಾನೇ ಕಂಪ್ಯೂಟರ್ ಹಾಕಿ ಖಾಲಿ ಹಾಳೆ ತೆರೆದು ಮಾವನನ್ನು ಕರೆದೆ. "ಒಂದ್ಸಲ ನೋಡಿ ಮಾವ."

ಬಂದು ನಿಂತು ತುಂಬ ಹೊತ್ತು ನೋಡಿದರು.

"ಬೆಳ್ಳಗೆ ಕಾಣ್ತಿದೆ."

"ಹೌದು ಮಾವ! ಬೆಳ್ಳಗಿದೆ!"

"ಕಾಣ್ತಿದೆ ಅಂದೆ. ಇದೆ ಅಂತ ನಂಗೇನು ಗೊತ್ತು?" ಕುರ್ಚಿಯ ಬೆನ್ನು ಹಿಡಿದುಕೊಂಡರು. "ನಾಳೆ ಮತ್ತೆ ಹಳದಿ ಆಗ್ಬಹುದು. ಆವತ್ತೂ ಎಷ್ಟು ಗಟ್ಟಿಯಾಗಿ ಹಳದಿ ಕಂಡಿತ್ತು ಗೊತ್ತಾ? ಯಾರು ಕೇಳಿದ್ರೂ ಆಣೆ ಇಟ್ಟು ಹೇಳ್ತಿದ್ದೆ. ಅದು ಸುಳ್ಳು ಅಂದ್ಮೇಲೆ ಇದು ನಿಜ ಅಂತ ಹೇಗೆ ಹೇಳ್ಲಿ? ಆರಿಸಮ್ಮ."

ಆರಿಸಿದೆ. ಪಿನ್ನು ನೆಟ್ಟಗಾಗಿದೆ. ಬಾಗಿರುವುದು ಬೇರೆ ಎಲ್ಲೋ.

ಜೂನ್ 28, ಶುಕ್ರವಾರ

ಹೇಳಿದೆ.

ಬೆಳಿಗ್ಗೆ ನಾದಿನಿ ಸ್ನಾನಕ್ಕೆ ಹೋಗಿದ್ದಳು. ಮಾವ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ರಾತ್ರಿಯೆಲ್ಲ ಮನಸ್ಸಿನಲ್ಲೇ ಕಟ್ಟಿಟ್ಟಿದ್ದ ಮಾತುಗಳು ಒಂದೂ ಬರಲಿಲ್ಲ. ಎದುರಿಗೆ ನಿಂತು, "ಮೇಜು ಎಳೆದಿದ್ದು ನಾನು. ಪಿನ್ನು ಬಗ್ಗಿಸಿದ್ದೂ ನಾನು. ಸೋಮವಾರ ಹೋಗಿ ಸರಿ ಮಾಡಿಸ್ಕೊಂಡು ಬಂದೆ" ಎಂದೆ. ಅಲ್ಲಿಗೆ ನಿಲ್ಲಿಸಿಬಿಡಬಹುದು ಎಂದು ಒಳಗೆ ಏನೋ ಅಂದಿತು.

ಮಾವ ತಲೆ ಎತ್ತಿದರು. ಅವರು ಪಿನ್ನಿನ ಬಗ್ಗೆ ಕೇಳಲಿಲ್ಲ, ಮೇಜಿನ ಬಗ್ಗೆ ಕೇಳಲಿಲ್ಲ.

"ನಾನು ಕರೆದು ತೋರಿಸಿದ ದಿನ, ನಿಂಗೂ ಹಳದಿ ಕಂಡಿತ್ತಾ?"

"ಕಂಡಿತ್ತು."

"ಕಾಗದ ಹಿಡಿದಾಗ?"

"ಆಗಲೂ ಕಂಡಿತ್ತು ಮಾವ."

"ಡಾಕ್ಟ್ರ ಹತ್ರ ತಲೆ ಆಡಿಸಿದ್ಯಲ್ಲ."

ನಾನು ಅಳುತ್ತಿದ್ದೆ. ಅಳಬಾರದು, ಅತ್ತರೆ ಅವರೇ ಸಮಾಧಾನ ಮಾಡಬೇಕಾಗುತ್ತದೆ ಎಂದು ತಡೆದುಕೊಳ್ಳಲು ನೋಡಿದೆ. ಆದರೆ ಅವರು ಸಮಾಧಾನ ಮಾಡಲಿಲ್ಲ. ಎದ್ದರು. ಬಾಗಿಲ ಹತ್ತಿರ ನಿಂತು, ತಿರುಗದೆ, "ಕಣ್ಣು ಹೋದ್ರೆ ಒಪ್ಕೊಂಡು ಬದುಕ್ತಾರೆ ಜನ. ನಾನೂ ಒಪ್ಕೊಂಡಿದ್ದೆ. ಮಕ್ಕಳಿಗೆ ನೀನೇ ಹೇಳು" ಎಂದರು.

ಡಾಕ್ಟರಿಗೆ ಅವರೇ ಫೋನ್ ಮಾಡಿದರು. ಇನ್ನೊಂದು ವರ್ಷ ನೋಡೋಣ ಎಂದಷ್ಟೇ ಹೇಳಿದರು. ನನ್ನ ಹೆಸರು ಎತ್ತಲಿಲ್ಲ.

ಜೂನ್ 29, ಶನಿವಾರ

ಇವರಿಗೆ ನಿನ್ನೆ ಸಂಜೆಯೇ ಹೇಳಿದ್ದೆ. ಊಟ ಮಾಡದೆ ಎದ್ದರು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ, "ನಾನೂ ಒಂದು ದಿನ ಹೋಗಿ ನೋಡಬಹುದಿತ್ತು. ಹಳದಿ ನಂಗೂ ಗೊತ್ತಾಗತ್ತೆ" ಎಂದರು. ನನ್ನ ತಪ್ಪಿನಲ್ಲಿ ಪಾಲು ಕೇಳುವ ಹಾಗಿತ್ತು ಅವರ ಮುಖ. ಬೇಡ ಎಂದೆ.

ನಾದಿನಿ ಬ್ಯಾಗು ತುಂಬಿಕೊಂಡು ಹೊರಟಳು. ಬಯ್ದಿದ್ದರೆ ಚೆನ್ನಾಗಿತ್ತು. ಗೇಟಿನ ಹತ್ತಿರ, "ಅತ್ತಿಗೆ, ಕಣ್ಣಿಗೆ ಕತ್ತರಿ ಹಾಕಿಸೋಕೆ ಹೊರಟಿದ್ರಲ್ಲ" ಎಂದಳು, ಸಣ್ಣ ದನಿಯಲ್ಲಿ, ನಿಜವಾಗಿ ಅರ್ಥವಾಗದವಳ ಹಾಗೆ.

ಜುಲೈ 1, ಸೋಮವಾರ

ಆಪರೇಷನ್ ಆಗಬೇಕಿದ್ದ ದಿನ.

ಲಾಂಡ್ರಿಯಲ್ಲಿ ಇವತ್ತು ಬರೀ ಬಿಳಿ ಅಂಗಿಗಳು, ನಲವತ್ತು. ಚೀಟಿ ಹಾಕುವಾಗ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಒಂದು ಕೆನೆಯ ಬಿಳಿ, ಒಂದು ಸುಣ್ಣದ ಬಿಳಿ, ಒಂದಕ್ಕೆ ನೀಲಿ ಹೆಚ್ಚಾಗಿದೆ, ಒಂದರ ಕಾಲರಿನಲ್ಲಿ ಮಾತ್ರ ಬೆವರಿನ ಹಳದಿ. ಮಾಲೀಕರು ಏನಮ್ಮಾ ನಿದ್ದೆ ಮಾಡ್ತಿದ್ದೀಯಾ ಎಂದರು.

ಮಾವ ಮಾತಾಡುತ್ತಾರೆ. ಊಟ ಆಯ್ತಾ, ಹಾಲು ಬಂತಾ. "ಅಮ್ಮ" ಎನ್ನುವುದಿಲ್ಲ.

ಜುಲೈ 4, ಗುರುವಾರ

ಮೂಲೆಮನೆಗೆ ಹೋಗಿದ್ದೆ, ಯಾರೂ ಹೇಳದೆಯೇ. ನೀಲಿ ಫೋಟೋ ಬೀರುವಿನ ಹಿಂದೆ ಇತ್ತು, ಎಸೆಯಲು ಮನಸ್ಸಾಗಲಿಲ್ಲವಂತೆ. ಎಲ್ಲ ಹೇಳಿದೆ. ಅವಳು ಕೂತುಕೋ ಎನ್ನಲಿಲ್ಲ, ನಿಂತೇ ಹೇಳಿ ಮುಗಿಸಿದೆ.

"ನಾನು ಮಾಮನಿಗೆ ಹಾಗಂದುಬಿಟ್ನಲ್ಲ," ಎಂದಳು. ಅವಳ ಯೋಚನೆ ನನ್ನ ಮೇಲಿರಲೇ ಇಲ್ಲ. ಮಾಸಿದ ಮೂಲ ಫೋಟೋವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೈಗಿಟ್ಟು, "ಮತ್ತೆ ಮಾಡ್ತಾರಾ ಕೇಳಿ" ಎಂದಳು.

ಮಾವನ ಮೇಜಿನ ಮೇಲಿಟ್ಟು ಹೇಳಿದೆ. ಸಂಜೆ ನೋಡಿದರೆ ದುಪ್ಪಟಿ ಮಡಚಿ ಮಂಚದ ಮೇಲಿತ್ತು.

ಜುಲೈ 9, ಮಂಗಳವಾರ

ಐದು ದಿನದಿಂದ ಮಾವ ಬೆಳಿಗ್ಗೆಯೇ ಕಂಪ್ಯೂಟರ್ ಮುಂದೆ. ನಾನು ಕೋಣೆಯೊಳಗೆ ಹೋಗುವುದಿಲ್ಲ. ಕಾಫಿ ಬಾಗಿಲಲ್ಲೇ ಕೊಡುತ್ತೇನೆ.

ಇವತ್ತು ಮಧ್ಯಾಹ್ನ ಕರೆದರು. ಸ್ಟುಡಿಯೋದಿಂದ ತಂದ ಸಣ್ಣ ಪ್ರಿಂಟ್ ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಲಾರಿಯ ಬಾಗಿಲಿಗೆ ಒರಗಿದ ಆ ಮನುಷ್ಯ ನಗುತ್ತಿದ್ದ. ಬಿಸಿಲಿಗೆ ಕಂದಿದ ಮೈಬಣ್ಣ, ತುಟಿಯಲ್ಲಿ ರಕ್ತ ಇದೆ.

"ಏನು ಕಾಣತ್ತೆ ಹೇಳು."

ಚೆನ್ನಾಗಿದೆ ಎನ್ನಲು ನಾಲಿಗೆ ತುದಿಯವರೆಗೆ ಬಂತು. ಅವರನ್ನು ಸಂತೋಷಪಡಿಸುವಂಥ ಒಂದು ಮಾತಿಗಾಗಿ ನಾನು ಎಷ್ಟು ದಿನದಿಂದ ಕಾಯುತ್ತಿದ್ದೆ! ಆದರೆ ಎಡಗಿವಿಯ ಹಿಂದೆ, ಕುತ್ತಿಗೆಯವರೆಗೆ, ಒಂದು ತೆಳು ನೀಲಿ ನೆರಳು ಉಳಿದಿತ್ತು. ಇತ್ತು. ಎರಡು ಸಲ ನೋಡಿದೆ.

"ಎಡಗಿವಿ ಹಿಂದೆ ಇನ್ನೂ ಒಂಚೂರು ನೀಲಿ ಇದೆ ಮಾವ. ಕುತ್ತಿಗೆ ತನಕ."

ಅವರು ಪ್ರಿಂಟನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಓರೆ ಮಾಡಿದರು. "ನಂಗೆ ಕಾಣ್ತಿಲ್ಲ."

ತೆಳು ಪೊರೆ ಎಂದು ಡಾಕ್ಟರು ಹೇಳಿದ್ದು ಸುಳ್ಳಾಗಿರಲಿಲ್ಲವಲ್ಲ. ಅದು ನನಗೆ ಆಗ ಹೊಳೆಯಿತು, ಅವರಿಗೂ ಹೊಳೆದಿರಬೇಕು. ಮಾತು ವಾಪಸ್ ತೆಗೆದುಕೊಳ್ಳಬೇಕು ಅನ್ನಿಸಿತು. ತೆಗೆದುಕೊಳ್ಳಲಿಲ್ಲ. "ಇದೆ ಮಾವ" ಎಂದೆ.

ಅವರು ಚಪ್ಪಲಿ ಮೆಟ್ಟಿಕೊಂಡು, ಪ್ರಿಂಟ್ ಹಿಡಿದು ಹೊರಟುಹೋದರು. ಕಿಟಕಿಯಿಂದ ನೋಡಿದೆ. ಎದುರುಮನೆಯವರನ್ನು ನಿಲ್ಲಿಸಿ ತೋರಿಸಿದರು. ಆಮೇಲೆ ಸ್ಟುಡಿಯೋದ ಕಡೆ ತಿರುಗಿದರು. ನನ್ನ ಮಾತನ್ನು ಇನ್ನೊಬ್ಬರ ಹತ್ತಿರ ಕೇಳಿ ನೋಡುವಂತಾಯಿತು ಎಂದು ದುಃಖವಾಯಿತು, ಆದರೆ ಅದು ನ್ಯಾಯವೇ ಆಗಿತ್ತು.

ಮುಕ್ಕಾಲು ಗಂಟೆ ಬಿಟ್ಟು ಬಂದರು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಬಾಗಿಲಲ್ಲಿ ನಿಂತು, "ಕಿವಿ ಹಿಂದೆ ನೀಲಿ ಇದೆಯಂತೆ. ಇಬ್ರೂ ಹಾಗೇ ಅಂದ್ರು" ಎಂದರು.

ನಲ್ಲಿ ನಿಲ್ಲಿಸಿದೆ.

ಮಾವ ತಮ್ಮ ಕೋಣೆಗೆ ಹೋದರು. ಸ್ವಿಚ್ ಒತ್ತಿದ ಸದ್ದು, ಫ್ಯಾನು ತಿರುಗಿದ ಸದ್ದು, ಕಂಪ್ಯೂಟರು ಶುರುವಾಗುವಾಗಿನ ಆ ಒಂದೇ ಒಂದು ಪುಟ್ಟ ಕೂಗು. ಆಮೇಲೆ ಅವರ ದನಿ:

"ಕುರ್ಚಿ ತಗೊಂಡು ಬಾ. ಎಷ್ಟು ತೆಗೀಬೇಕು ಅಂತ ನೀನು ಹೇಳ್ತಾ ಹೋಗು."

ಒದ್ದೆ ಕೈಯಲ್ಲೇ ಕುರ್ಚಿ ಎತ್ತಿಕೊಂಡು ಹೋದೆ.